ಬಟ್ಟಲಿನಲ್ಲಿ ಬರೆದ ಬರಕತ್

ಗಲ್ಫಿನ ನಗರವೊಂದರಲ್ಲಿ ದುಡಿಯುತ್ತಿದ್ದ ಕಾಲವದು. ಒಂದು ಶುಕ್ರವಾರ ಜುಮಾ ನಮಾಝಿನ ಬಳಿಕ, ಬಿಸಿಲಿನಿಂದ ತಪ್ಪಿಸಿಕೊಳ್ಳಲೆಂದೇ ಅಲ್ಲಿನ ವಸ್ತುಸಂಗ್ರಹಾಲಯವನ್ನು ಹೊಕ್ಕಿದ್ದೆ. ಚಿನ್ನ, ರೇಷ್ಮೆ, ಗಾಜಿನ ದೀಪಗಳನ್ನೆಲ್ಲ ದಾಟಿ ಬಂದ ಮೇಲೆ ನನ್ನ ಕಾಲುಗಳು ನಿಂತದ್ದು ಒಂದು ಮಣ್ಣಿನ ಬಟ್ಟಲಿನ ಮುಂದೆ.

ಬಿಳಿಯ ಮೈ. ನಡುವೆ ಕಪ್ಪು ರೇಖೆಗಳ ಒಂದು ಹಕ್ಕಿ. ಅದರ ರೆಕ್ಕೆಯ ಪಕ್ಕದಲ್ಲಿ ಕೂಫೀ ಲಿಪಿಯಲ್ಲಿ ಒಂದೇ ಒಂದು ಪದ: ಬರಕತ್. ಹತ್ತನೆಯ ಶತಮಾನದ್ದು, ಊರು ನಿಶಾಪುರ ಎಂದು ಫಲಕ ಹೇಳುತ್ತಿತ್ತು.

ನಿಶಾಪುರ ಇಂದಿನ ಇರಾನಿನ ಈಶಾನ್ಯ ಭಾಗದಲ್ಲಿದೆ. ಸಾಮಾನೀ ಅರಸರ ಕಾಲದಲ್ಲಿ ಅದು ವಿದ್ವಾಂಸರಿಗೂ ವ್ಯಾಪಾರಿಗಳಿಗೂ ನೆಲೆಯಾಗಿದ್ದ ಮಹಾನಗರ. ಚೀನಾದಿಂದ ಬರುತ್ತಿದ್ದ ಬೆಳ್ಳಗಿನ ಪಿಂಗಾಣಿಯನ್ನು ಅಲ್ಲಿನ ಕುಂಬಾರರು ಬಲ್ಲರು. ಆದರೆ ಅದಕ್ಕೆ ಬೇಕಾದ ಬಿಳಿಯ ಜೇಡಿ ಅವರ ಬಳಿ ಇರಲಿಲ್ಲ. ಇದ್ದದ್ದು ಕೆಂಪು ಮಣ್ಣು. ಅವರು ಆ ಕೆಂಪು ಬಟ್ಟಲಿಗೆ ಬಿಳಿಯ ಮಣ್ಣಿನ ತೆಳು ಲೇಪ ಕೊಟ್ಟರು. ಸುಡುವಾಗ ಚಿತ್ರ ಹರಡದಿರಲೆಂದು ಬಣ್ಣವನ್ನೂ ಮಣ್ಣಿನಲ್ಲೇ ಕಲಸಿ ಬರೆದರು. ಮೇಲೆ ಪಾರದರ್ಶಕ ಮೆರುಗು ಹಚ್ಚಿ ಸುಟ್ಟರು. 1221ರಲ್ಲಿ ಮಂಗೋಲರು ನಗರವನ್ನು ನೆಲಸಮ ಮಾಡಿದರು. ಏಳು ಶತಮಾನಗಳ ನಂತರ, 1935ರಿಂದ ನಡೆದ ಉತ್ಖನನಗಳಲ್ಲಿ ಇಂತಹ ಪಾತ್ರೆಗಳು ಮತ್ತೆ ಬೆಳಕು ಕಂಡವು. ಅವುಗಳಲ್ಲಿ ಅನೇಕವು ಉಣ್ಣುವವನಿಗೆ ಸಮೃದ್ಧಿಯನ್ನು ಹಾರೈಸುತ್ತವೆ.

ಅದನ್ನು ಓದುತ್ತಿದ್ದಂತೆ ನನ್ನ ಮನಸ್ಸು ಊರಿಗೆ ಹೋಯಿತು.

ನಮ್ಮ ಉಮ್ಮ ಊಟದ ಕೊನೆಯಲ್ಲಿ ತಟ್ಟೆಯನ್ನು ಬೆರಳಿನಿಂದ ಸವರಿ, ಒಂದಗುಳೂ ಉಳಿಯದಂತೆ ತಿನ್ನುತ್ತಿದ್ದರು. "ಬರಕತ್ ಯಾವ ಅಗುಳಿನಲ್ಲಿದೆಯೋ ಯಾರಿಗೆ ಗೊತ್ತು ಮಗಾ?" ಎನ್ನುತ್ತಿದ್ದರು. ನಾನು ಕಾಲೇಜು ಕಲಿತು, ನಾಲ್ಕು ಕಾಸು ಸಂಪಾದಿಸತೊಡಗಿದ ಹೊಸತು. ಸಂಬಂಧಿಕರ ನಿಕಾಹ್‌ನ ಔತಣದಲ್ಲಿ, ನನ್ನ ಸ್ನೇಹಿತರ ಎದುರಿನಲ್ಲೇ ಅವರು ಬಿರಿಯಾನಿಯ ತಟ್ಟೆಯನ್ನು ಹಾಗೆ ಸವರತೊಡಗಿದರು. ನಾನು ಬಾಗಿ, "ಉಮ್ಮ, ಜನ ನೋಡುತ್ತಿದ್ದಾರೆ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿದರು. ಬೆರಳನ್ನು ಹಿಂದಕ್ಕೆ ತೆಗೆದುಕೊಂಡು ಎದ್ದು ಹೋಗಿ ಕೈ ತೊಳೆದರು. ಆ ಕುರಿತು ಮತ್ತೆಂದೂ ಒಂದು ಮಾತೂ ಆಡಲಿಲ್ಲ. ಅಂದು ಊಟದ ಚಪ್ಪರದ ಹಿಂದಿನ ಹೊಂಡಕ್ಕೆ ಸುರಿದ ಅನ್ನದ ರಾಶಿಯನ್ನು ನಾನು ಕಂಡಿದ್ದೆ. ಅದು ನನ್ನನ್ನು ಸ್ವಲ್ಪವೂ ನಾಚಿಸಿರಲಿಲ್ಲ. ನನ್ನನ್ನು ನಾಚಿಸಿದ್ದು ಉಮ್ಮನ ಬೆರಳು.

ಉಮ್ಮ ಆಡುತ್ತಿದ್ದುದು ಪ್ರವಾದಿವರ್ಯರ(ಸ) ಬೋಧನೆಯೆಂದು ನಾನು ತಿಳಿದದ್ದು ಎಷ್ಟೋ ಕಾಲದ ನಂತರ. ಬೆರಳನ್ನೂ ಬಟ್ಟಲನ್ನೂ ಸವರಿ ತಿನ್ನಬೇಕು, ಆಹಾರದ ಯಾವ ಭಾಗದಲ್ಲಿ ಬರಕತ್ ಇದೆಯೆಂದು ಮನುಷ್ಯ ಅರಿಯನು ಎಂಬ ಆಶಯದ ಹದೀಸ್ ಸಹೀಹ್ ಮುಸ್ಲಿಮ್‌ನಲ್ಲಿದೆ. ಅದನ್ನು ಸಂಗ್ರಹಿಸಿದ ಇಮಾಮ್ ಮುಸ್ಲಿಮ್(ರ) ಯಾವ ಊರಿನವರು? ಇದೇ ನಿಶಾಪುರದವರು. ಕ್ರಿ.ಶ. 875ರಲ್ಲಿ ಅಲ್ಲಿಯೇ ನಿಧನರಾದರು. ಅವರ ನಂತರದ ಶತಮಾನದಲ್ಲಿ, ಅದೇ ಊರಿನ ಹೆಸರಿಲ್ಲದ ಕುಂಬಾರನೊಬ್ಬ ಬಟ್ಟಲಿನೊಳಗೆ ಬರಕತ್ ಎಂದು ಬರೆದ. ಅನ್ನ ತುಂಬಿರುವಾಗ ಆ ಪದ ಕಾಣುವುದಿಲ್ಲ. ಕೊನೆಯ ತುತ್ತನ್ನೂ ಸವರಿ ತಿಂದವನಿಗಷ್ಟೇ ಅದು ಪೂರ್ತಿಯಾಗಿ ಕಾಣುತ್ತದೆ. ವಿದ್ವಾಂಸರು ಗ್ರಂಥದಲ್ಲಿ ಕಾಪಾಡಿದ್ದನ್ನು, ಕುಂಬಾರ ಮಣ್ಣಿನಲ್ಲಿ ಬರೆದದ್ದನ್ನು, ಅಕ್ಷರ ಹೆಚ್ಚು ತಿಳಿಯದ ಉಮ್ಮ ತಮ್ಮ ಬೆರಳಿನಲ್ಲಿ ಉಳಿಸಿಕೊಂಡಿದ್ದರು. ತಡೆದವನು ಕಲಿತ ನಾನು.

ಆ ಹಕ್ಕಿಯನ್ನು ಮತ್ತೊಮ್ಮೆ ನೋಡಿದೆ. ಹಕ್ಕಿಗಳು ಬೆಳಗ್ಗೆ ಹಸಿದು ಹೊರಟು, ಸಂಜೆ ಹೊಟ್ಟೆ ತುಂಬಿಸಿಕೊಂಡು ಗೂಡಿಗೆ ಮರಳುತ್ತವೆಂದು ಪ್ರವಾದಿ(ಸ) ಅಲ್ಲಾಹನ ಮೇಲಿನ ಭರವಸೆಗೆ ಉದಾಹರಣೆ ಕೊಟ್ಟಿದ್ದಾರೆ. ಯಾವ ಹಕ್ಕಿಯೂ ತನ್ನ ಘನತೆಯನ್ನು ತೋರಿಸಲೆಂದು ಕಾಳನ್ನು ಬಿಟ್ಟು ಹಾರುವುದಿಲ್ಲ. ಮನುಷ್ಯನನ್ನೂ ಸುಟ್ಟ ಮಡಕೆಯಂತಹ ಮಣ್ಣಿನಿಂದಲೇ ಸೃಷ್ಟಿಸಲಾಯಿತೆಂದು ಕುರ್‌ಆನ್ ನೆನಪಿಸುತ್ತದೆ. ಮಣ್ಣಿಗೆ ಮಣ್ಣಿನ ಮುಂದೆ ಯಾವ ಪ್ರತಿಷ್ಠೆ?

ಉಮ್ಮ ತೀರಿಹೋಗಿ ಆಗ ಎರಡು ವರ್ಷಗಳಾಗಿದ್ದವು. ಕ್ಷಮೆ ಕೇಳಲು ತಡವಾಗಿತ್ತು. ಅಂದು ರಾತ್ರಿ ಕೋಣೆಯ ಗೆಳೆಯರೊಂದಿಗೆ ಒಂದೇ ತಳಿಗೆಯ ಸುತ್ತ ಕುಳಿತು ಉಂಡೆವು. ಎಲ್ಲರೂ ಎದ್ದ ಮೇಲೆ ನಾನು ಉಳಿದ ಅಗುಳುಗಳನ್ನು ಸವರಿ ತಿಂದೆ. ಒಬ್ಬ ಗೆಳೆಯ ನೋಡಿ ನಕ್ಕ. ಒಂದು ಕ್ಷಣ ನನ್ನ ಬೆರಳು ತಡೆಯಿತು. ಉಮ್ಮನಿಗೆ ಅಂದು ಹೇಗಾಗಿರಬಹುದೆಂದು ಆಗ ತಿಳಿಯಿತು. ಆದರೂ ಮುಗಿಸಿಯೇ ಎದ್ದೆ.

ನಮ್ಮ ಔತಣಗಳ ಹಿಂದಿನ ಹೊಂಡಗಳು ಇಂದಿಗೂ ತುಂಬುತ್ತಲೇ ಇವೆ. ನಮ್ಮ ಮನೆಗಳಲ್ಲಿ ತಟ್ಟೆ ಸವರುವ ಹಿರಿಯರು ಇನ್ನೂ ಇದ್ದರೆ, ದಯವಿಟ್ಟು ಅವರನ್ನು ತಡೆಯದಿರೋಣ. ಅವರ ಪಕ್ಕದಲ್ಲಿ ಕುಳಿತು ಕಲಿಯೋಣ. ಅಲ್ಲಾಹನು ನನ್ನ ಉಮ್ಮನ ಮೇಲೆ ಕರುಣೆ ತೋರಲಿ, ನನ್ನ ಅಂದಿನ ಮಾತನ್ನು ಮನ್ನಿಸಲಿ. ಆಮೀನ್.