ಮರಳುಸಮುದ್ರದಲ್ಲಿ ನೀರು ಉಳಿಸಿದ ಡಬ್ಬಿ

ನೈಲ್ ನದಿಯನ್ನು ಬೆನ್ನಿಗಿಟ್ಟು ಪಶ್ಚಿಮಕ್ಕೆ ಹೊರಟವರಿಗೆ ಈಜಿಪ್ಟಿನ ಹಸಿರು ಬಹುಬೇಗ ಮುಗಿದುಹೋಗುತ್ತದೆ. ಅಲ್ಲಿಂದಾಚೆಗೆ ಲಿಬಿಯಾದ ಗಡಿಯನ್ನೂ ದಾಟಿ ಹಬ್ಬಿರುವುದು ಲಿಬಿಯನ್ ಮರುಭೂಮಿ. ಸೀವಾ ಎಂಬ ಓಯಸಿಸ್‌ನ ಖರ್ಜೂರದ ತೋಪುಗಳು ಕೊನೆಗೊಳ್ಳುವಲ್ಲಿಯೇ ಅದರ ಅತ್ಯಂತ ದುರ್ಗಮವಾದ ಭಾಗ ಆರಂಭವಾಗುತ್ತದೆ. ‘ಮಹಾ ಮರಳುಸಮುದ್ರ’ವೆಂದು ಹೆಸರಾದ ಆ ಪ್ರದೇಶದಲ್ಲಿ ಮರಳದಿಬ್ಬಗಳು ಅಲೆಗಳಂತೆ ಸಾಲುಸಾಲಾಗಿ ನಿಂತಿವೆ. ಬಾವಿಗಳ ನಡುವಣ ದೂರವನ್ನು ದಿನಗಳ ಲೆಕ್ಕದಲ್ಲಿ ಅಳೆಯಬೇಕಾದ ನಾಡು ಅದು.

1920ರ ದಶಕದ ಕೊನೆಯಲ್ಲಿ ಬ್ರಿಟಿಷ್ ಸೇನಾಧಿಕಾರಿ ರಾಲ್ಫ್ ಬ್ಯಾಗ್ನಾಲ್ಡ್ ಮತ್ತು ಅವರ ಗೆಳೆಯರು ಈ ನಾಡಿಗೆ ಸಾಮಾನ್ಯ ಫೋರ್ಡ್ ಕಾರುಗಳಲ್ಲಿ ಹೊರಟರು. ಮರಳಿನಲ್ಲಿ ಹೂತ ಗಾಲಿಗಳನ್ನು ಎತ್ತಲು ಅವರ ಬಳಿ ಉಕ್ಕಿನ ಪಟ್ಟಿಗಳಿದ್ದವು. ದಿಕ್ಕು ಹಿಡಿಯಲು ಸೂರ್ಯನ ನೆರಳನ್ನು ನಂಬಿದ ದಿಕ್ಸೂಚಿಯಿತ್ತು. ಆದರೆ ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ನೀರಿನದು. ಕುಡಿಯುವವರು ಮನುಷ್ಯರು ಮಾತ್ರವಲ್ಲ, ಕಾರುಗಳೂ ಕುಡಿಯುತ್ತಿದ್ದವು.

ಅಂದಿನ ಕಾರಿನ ರೇಡಿಯೇಟರ್‌ನಿಂದ ಒಂದು ಸಣ್ಣ ಕೊಳವೆ ನೆಲದ ಕಡೆಗೆ ಇಳಿದಿರುತ್ತಿತ್ತು. ನೀರು ಕಾದಂತೆ ಹಿಗ್ಗುತ್ತದೆ. ಹತ್ತು ಲೀಟರ್ ನೀರು ಕುದಿಯುವ ಹೊತ್ತಿಗೆ ಸುಮಾರು 400 ಮಿಲಿಲೀಟರಿನಷ್ಟು ಹೆಚ್ಚು ಜಾಗವನ್ನು ಕೇಳುತ್ತದೆ. ಆ ಹೆಚ್ಚಿನ ನೀರೂ ಕುದಿದೆದ್ದ ಹಬೆಯೂ ಕೊಳವೆಯ ಮೂಲಕ ಹೊರಬಿದ್ದು ಮರಳಿನ ಪಾಲಾಗುತ್ತಿದ್ದವು. ಅಲ್ಲಿ ಗಾಳಿ ಬಹುಪಾಲು ಉತ್ತರದಿಂದ ಬೀಸುತ್ತದೆ. ದಕ್ಷಿಣಕ್ಕೆ ಸಾಗುವ ಕಾರಿಗೆ ಗಾಳಿ ಬೆನ್ನಿಗೇ ಬೀಳುವುದರಿಂದ ರೇಡಿಯೇಟರ್ ತಣಿಯದೆ ಮತ್ತೆ ಮತ್ತೆ ಕುದಿಯುತ್ತಿತ್ತು.

ಇದಕ್ಕೆ ಅವರು ಕಂಡುಕೊಂಡ ಪರಿಹಾರ ಒಂದು ಡಬ್ಬಿ. ಕೊಳವೆಯನ್ನು ನೆಲಕ್ಕೆ ಬಿಡದೆ, ಕಾರಿನ ಪಕ್ಕದ ಮೆಟ್ಟಿಲಹಲಗೆಯ ಮೇಲೆ ಕಟ್ಟಿದ, ಅರ್ಧ ನೀರು ತುಂಬಿದ ಡಬ್ಬಿಯೊಳಕ್ಕೆ ಇಳಿಸಿದರು. ಮೊದಲ ಮಹಾಯುದ್ಧದ ಕಾಲದಲ್ಲಿ ಇದೇ ಮರುಭೂಮಿಯಲ್ಲಿ ಫೋರ್ಡ್ ಕಾರುಗಳನ್ನು ಓಡಿಸಿದ ಗಸ್ತು ಪಡೆಗಳೂ ಇಂಥ ಡಬ್ಬಿಯನ್ನು ಬಳಸಿದ್ದವು. ಕೊಳವೆಯ ತುದಿ ಸದಾ ನೀರಿನಲ್ಲಿ ಮುಳುಗಿರಬೇಕು, ರೇಡಿಯೇಟರ್‌ನ ಮುಚ್ಚಳದಲ್ಲಿ ಗಾಳಿ ನುಸುಳಬಾರದು: ನಿಯಮ ಇಷ್ಟೇ. ಹಬೆ ಡಬ್ಬಿಯ ನೀರನ್ನು ಹೊಕ್ಕು ತಣಿದು ನೀರಾಗುತ್ತಿತ್ತು. ಎಂಜಿನ್ ತಣಿದಾಗ ರೇಡಿಯೇಟರ್‌ನೊಳಗೆ ಒತ್ತಡ ಇಳಿದು, ಹೋದ ನೀರೆಲ್ಲ ಅದೇ ಕೊಳವೆಯಲ್ಲಿ ಹಿಂದಕ್ಕೆ ಏರುತ್ತಿತ್ತು.

ಡಬ್ಬಿಯೂ ಕುದಿದು ನೀರು ಚಿಮ್ಮತೊಡಗಿದರೆ ಚಾಲಕರು ಕಾರನ್ನು ಗಾಳಿಗೆ ಎದುರಾಗಿ ತಿರುಗಿಸಿ ನಿಲ್ಲಿಸುತ್ತಿದ್ದರು. ತುಸು ಹೊತ್ತಿನಲ್ಲಿ ನೀರು ಗುಳುಗುಳು ಸದ್ದಿನೊಂದಿಗೆ ರೇಡಿಯೇಟರ್‌ಗೆ ಮರಳುತ್ತಿತ್ತು, ಪಯಣ ಮುಂದುವರಿಯುತ್ತಿತ್ತು. ಹೊಸ ನೀರನ್ನು ಹೊತ್ತು ತರುವುದಕ್ಕಿಂತ ಇರುವ ನೀರನ್ನು ಕಳೆದುಕೊಳ್ಳದಿರುವುದೇ ಅಲ್ಲಿ ಬದುಕಿನ ದಾರಿಯಾಗಿತ್ತು. ಬರವನ್ನು ಬಲ್ಲ ಊರುಗಳ ಜನಕ್ಕೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

1940ರಲ್ಲಿ ಬ್ಯಾಗ್ನಾಲ್ಡ್ ಕೈರೋದಲ್ಲಿ ದೂರಗಾಮಿ ಮರುಭೂಮಿ ಪಡೆಯನ್ನು ಕಟ್ಟಿದಾಗ ಈ ಡಬ್ಬಿ ಅದರ ಷೆವ್ರೊಲೆ ಟ್ರಕ್ಕುಗಳಿಗೂ ಬಂದಿತು. ಶತ್ರುಗಳ ಹಿಂಬದಿಯಲ್ಲಿ ನೂರಾರು ಮೈಲಿ ಸುತ್ತುವ ಪಡೆಗೆ ಒಂದೊಂದು ಲೀಟರೂ ಪ್ರಾಣದ ಬೆಲೆಯದಾಗಿತ್ತು. ಮರುಭೂಮಿಯಲ್ಲಿ ದಶಕಗಳ ಕಾಲ ಬಿದ್ದಿದ್ದ ಆ ಪಡೆಯ ಒಂದು ಟ್ರಕ್ಕನ್ನು 1980ರ ದಶಕದಲ್ಲಿ ಹೊರತರಲಾಯಿತು. ತುಕ್ಕು ಹಿಡಿದ ಮೈಯಲ್ಲಿಯೇ ಅದು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಮ್ಮಿನ ಸಂಗ್ರಹವನ್ನು ಸೇರಿದೆ.

ಆ ಡಬ್ಬಿಯ ಸಂತತಿ ಇಂದಿನ ಕಾರುಗಳಲ್ಲಿ ಪ್ಲಾಸ್ಟಿಕ್ ಪಾತ್ರೆಯಾಗಿ ಬಾನೆಟ್ಟಿನಡಿ ಕುಳಿತಿದೆ. ಅದಿಲ್ಲದೆ ಬಂದ ಹಳೆಯ ಜೀಪು, ಕಾರುಗಳನ್ನು ಜತನ ಮಾಡುವವರು ತಾವೇ ಒಂದನ್ನು ಮಾಡಿಕೊಳ್ಳುತ್ತಾರೆ: ಒಬ್ಬರು ಹಿತ್ತಾಳೆಯ ಡಬ್ಬಿಗೆ ಕೊಳವೆ ಬೆಸೆದರೆ, ಇನ್ನೊಬ್ಬರು ಉಕ್ಕಿನ ಫ್ಲಾಸ್ಕನ್ನು ಹೊಂದಿಸುತ್ತಾರೆ, ಮತ್ತೊಬ್ಬರು ಗುಜರಿಯಲ್ಲಿ ದೊರೆತ ಬೇರೆ ವಾಹನದ ಪಾತ್ರೆಯನ್ನು ಕೂರಿಸುತ್ತಾರೆ. ನೀರನ್ನು ಹಿಂದಕ್ಕೆ ಸೆಳೆಯಬಲ್ಲ ಎರಡು ಕವಾಟಗಳ ಮುಚ್ಚಳವನ್ನು ರೇಡಿಯೇಟರ್‌ಗೆ ಹಾಕಿ, ಡಬ್ಬಿಗೆ ಗಾಳಿಯಾಡುವ ರಂಧ್ರವನ್ನು ಬಿಟ್ಟರೆ ಹಳೆಯ ಉಪಾಯ ಹಾಗೆಯೇ ನಡೆಯುತ್ತದೆ. ಕುಡಿಯುವ ನೀರಿನ ತೆಳು ಪ್ಲಾಸ್ಟಿಕ್ ಬಾಟಲಿ ಮಾತ್ರ ಕುದಿನೀರಿಗೆ ಮುದುಡಿಹೋಗುತ್ತದೆ.

ಬಾಟಲಿ ಸಲ್ಲದೆಂಬುದಕ್ಕೆ ಇನ್ನೂ ದೊಡ್ಡ ಕಾರಣವೊಂದಿದೆ. ಮರುಭೂಮಿಯ ಆ ಡಬ್ಬಿಯಲ್ಲಿದ್ದುದು ಬರಿಯ ನೀರು. ಇಂದಿನ ಕೂಲಂಟ್‌ನಲ್ಲಿ ಸಾಮಾನ್ಯವಾಗಿ ಇರುವುದು ಎಥಿಲೀನ್ ಗ್ಲೈಕಾಲ್. ಅದರ ರುಚಿ ಸಿಹಿ, ಅದು ಮೂತ್ರಪಿಂಡಗಳನ್ನು ಕೆಡಿಸಿ ಪ್ರಾಣವನ್ನೇ ತೆಗೆಯಬಲ್ಲ ವಿಷ. ಶರಬತ್ತಿನಂತೆ ಹಸಿರಾಗಿಯೋ ಕೆಂಪಾಗಿಯೋ ಹೊಳೆಯುವ ಆ ದ್ರವ ಪರಿಚಿತ ಬಾಟಲಿಯಲ್ಲಿದ್ದರೆ ಮಗು ಬಾಯಿಗಿಡಬಹುದು. ಅಂಗಳದಲ್ಲಿ ಸೋರಿದ್ದನ್ನು ನಾಯಿ ನೆಕ್ಕಬಹುದು. ಆದ್ದರಿಂದ ಮನೆಯಲ್ಲಿ ಮಾಡುವ ಡಬ್ಬಿ ಎಷ್ಟೇ ಸೊಗಸಾಗಿರಲಿ, ಅದು ಕುಡಿಯುವ ಪಾತ್ರೆಯನ್ನು ಹೋಲಬಾರದು. ಅದರ ಮೇಲೆ ‘ವಿಷ’ ಎಂಬ ಎರಡಕ್ಷರ ಮಕ್ಕಳಿಗೂ ಓದಲು ಬರುವಂತೆ ದೊಡ್ಡದಾಗಿ ಇರಬೇಕು. ಎಂಜಿನ್ ಪೂರ್ತಿ ತಣಿಯುವವರೆಗೆ ರೇಡಿಯೇಟರ್‌ನ ಮುಚ್ಚಳಕ್ಕೆ ಯಾರೂ ಕೈ ಹಾಕಬಾರದು. ಅವಸರದಲ್ಲಿ ತೆರೆದರೆ ಕುದಿನೀರು ಮುಖಕ್ಕೇ ಎರಚುತ್ತದೆ.