ಕಪಿಲೆಯ ತೀರದಲ್ಲಿ ಕೊಠಡಿ ಬಾಡಿಗೆ

ದೇಶ ಸುತ್ತಬೇಕು, ಕೋಶ ಓದಬೇಕು ಎಂದರು ಹಿರಿಯರು. ದೇಶ ಸುತ್ತಲು ಹೊರಟವನಿಗೆ ಇನ್ನೊಂದು ಕೋಶವೂ ಬೇಕೆಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅದು ಹಣದ ಕೋಶ. ಆ ಹಣವು ಸೊಂಟದ ಸಂಚಿಯಲ್ಲಿರಬೇಕೋ, ಕಾರ್ಡಿನಲ್ಲಿರಬೇಕೋ, ಕೈಯ ಫೋನಿನಲ್ಲಿರಬೇಕೋ ಎಂಬ ಪ್ರಶ್ನೆ ಮಹಾನಗರದ ದೊಡ್ಡ ಹೋಟೆಲುಗಳಲ್ಲಿ ಏಳುವುದಿಲ್ಲ. ನಂಜನಗೂಡು, ತಿರುಮಕೂಡಲು ನರಸೀಪುರದಂಥ ಕ್ಷೇತ್ರಗಳಲ್ಲಿ ಸಣ್ಣ ವಸತಿಗೃಹದ ಮೆಟ್ಟಿಲೇರಿದಾಗ ಅದು ಎದುರಿಗೆ ಬಂದು ನಿಲ್ಲುತ್ತದೆ.

ಛತ್ರಗಳ ಊರು

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 24 ಕಿಲೋಮೀಟರು ಸಾಗಿದರೆ ನಂಜನಗೂಡು. ಶ್ರೀಕಂಠೇಶ್ವರನ ಎತ್ತರವಾದ ಗೋಪುರ ದೂರದಿಂದಲೇ ಯಾತ್ರಿಕನನ್ನು ಸ್ವಾಗತಿಸುತ್ತದೆ. ಮುಡಿ ಕೊಡುವವರು, ಕಪಿಲೆಯಲ್ಲಿ ಮುಳುಗೆದ್ದು ಒದ್ದೆ ಬಟ್ಟೆಯಲ್ಲೇ ಉರುಳುಸೇವೆ ಮಾಡುವವರು, ಹರಕೆಯ ತುಲಾಭಾರಕ್ಕೆ ಬಂದವರು ಇಲ್ಲಿ ಸದಾ ಉಂಟು. ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಐದು ರಥಗಳು ಹೊರಡುವಾಗಲಂತೂ ಊರಿನಲ್ಲಿ ಕಾಲಿಡಲು ಸ್ಥಳವಿರುವುದಿಲ್ಲ.

ಹಿಂದೆ ಈ ಜನಸ್ತೋಮಕ್ಕೆ ಆಸರೆಯಾದವು ಛತ್ರಗಳು. ಯಾತ್ರಿಕನಿಗೆ ತಂಗಲು ಎಡೆ ಕೊಡುವುದು ಧರ್ಮವೆಂದು ಬಗೆದ ದಾನಿಗಳು ಅವನ್ನು ಕಟ್ಟಿಸಿದರು. ಅಲ್ಲಿ ಬಾಡಿಗೆಯೆಂಬ ಮಾತಿರಲಿಲ್ಲ. ಹೊರಡುವಾಗ ಇಷ್ಟವಿದ್ದರೆ ಕಾಣಿಕೆ. ಇಂದಿನ ಸಣ್ಣ ವಸತಿಗೃಹವು ಆ ಛತ್ರದ ನೆರೆಮನೆಯಾದರೂ ವ್ಯಾಪಾರದ ಮನೆ. ಸಂಜೆ ಬಂದವನು ಬೆಳಗಿನ ಮೊದಲ ಪೂಜೆಗೆ ಹೊರಟುಬಿಡುತ್ತಾನೆ. ಆದುದರಿಂದ ಬಾಡಿಗೆಯನ್ನು ಮುಂಗಡವಾಗಿಯೇ ಕೇಳುವುದು ರೂಢಿ. ಕ್ರೆಡಿಟ್ ಕಾರ್ಡು ಹೊರತೆಗೆದವನಿಗೆ ಸಿಕ್ಕುವ ಉತ್ತರವೂ ಬಹುಮಟ್ಟಿಗೆ ಒಂದೇ: “ಕಾರ್ಡ್ ಆಗೋಲ್ಲ ಸಾರ್. ಫೋನಲ್ಲಿ ಹಾಕಿ, ಇಲ್ಲ ಕ್ಯಾಶ್ ಕೊಡಿ.”

ಇದು ಅಸಡ್ಡೆಯ ಮಾತೆಂದು ಪಟ್ಟಣಿಗನು ಮುನಿಯಬಾರದು. ಅದರ ಹಿಂದೆ ಲೆಕ್ಕವಿದೆ. ಸಾವಿರ ರೂಪಾಯಿನ ಕೊಠಡಿಗೆ ಕ್ರೆಡಿಟ್ ಕಾರ್ಡಿನಲ್ಲಿ ಹಣ ಬಂದರೆ, ನೂರಕ್ಕೆ ಎರಡರಂತೆ ಹಿಡಿದರೂ ಇಪ್ಪತ್ತು ರೂಪಾಯಿ ಬ್ಯಾಂಕಿನ ಪಾಲಾಗುತ್ತದೆ. ಯಂತ್ರಕ್ಕೆ ಬಾಡಿಗೆ ಬೇರೆ. ಹಣ ಖಾತೆಗೆ ಸೇರುವುದು ಸಾಮಾನ್ಯವಾಗಿ ಮರುದಿನ. ಆದರೆ ಹಾಲಿನವನಿಗೂ, ಹಾಸಿಗೆ ಬಟ್ಟೆ ಒಗೆಯುವವನಿಗೂ, ಕೊಠಡಿ ಗುಡಿಸುವವಳಿಗೂ ಅಂದೇ ಕೊಡಬೇಕು.

ಫೋನಿನ ಮೂಲಕ ಹಣ ಕೊಡುವ ಯುಪಿಐ ಪದ್ಧತಿ ಇಷ್ಟು ಬೇಗ ಬೇರೂರಿದ್ದಕ್ಕೂ ಇದೇ ಕಾರಣ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿನ ನೋಟುಗಳು ರದ್ದಾದಾಗ, ಜೇಬಿನಲ್ಲಿ ಹಣವಿದ್ದೂ ಇಲ್ಲದಂತಾದ ಅನುಭವವನ್ನು ಯಾರೂ ಮರೆತಿಲ್ಲ. 2020ರ ಜನವರಿ 1ರಿಂದ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವುದು ನಿಂತಿತು. ಕಪ್ಪು ಬಿಳುಪಿನ ಚೌಕುಳಿ ಚಿತ್ರವೊಂದು ದೇವರ ಪಟದ ಪಕ್ಕದಲ್ಲೇ ಸ್ಥಾನ ಪಡೆಯಿತು. ರೂಪೇ ಕ್ರೆಡಿಟ್ ಕಾರ್ಡನ್ನೂ ಯುಪಿಐಗೆ ಜೋಡಿಸಲು 2022ರಲ್ಲಿ ರಿಸರ್ವ್ ಬ್ಯಾಂಕು ಒಪ್ಪಿಗೆಯಿತ್ತಿತು.

ಆದರೂ 2025ರ ಜುಲೈಯಲ್ಲಿ ಒಂದು ವಿಚಿತ್ರ ನಡೆಯಿತು. ಯುಪಿಐ ವಹಿವಾಟಿನ ಲೆಕ್ಕ ಹಿಡಿದು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಸಣ್ಣ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಆ ಚಿತ್ರವನ್ನು ತೆಗೆದು, “ನಗದು ಮಾತ್ರ” ಎಂಬ ಚೀಟಿ ಅಂಟಿಸಿದರು. ವಸತಿಯಂಥ ಸೇವೆಗೆ ವರ್ಷದ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕು. 800 ರೂಪಾಯಿ ಬಾಡಿಗೆಯ ಹತ್ತು ಕೊಠಡಿಗಳು ವರ್ಷವೆಲ್ಲ ತುಂಬಿದ್ದರೆ 29 ಲಕ್ಷ ದಾಟುತ್ತದೆ. ಅರ್ಧ ಮಾತ್ರ ತುಂಬಿದರೆ 15 ಲಕ್ಷವೂ ಆಗದು. ತೆರಿಗೆಯು ವಹಿವಾಟಿನ ಮೇಲೆ ಬೀಳುವುದೇ ಹೊರತು ಹಣ ಬಂದ ದಾರಿಯ ಮೇಲಲ್ಲ. ಚಿತ್ರವನ್ನು ಹರಿದುಹಾಕಿದರೆ ಲೆಕ್ಕ ಹರಿದಂತಾಗುವುದಿಲ್ಲ.

ಗುಲಗಂಜಿಯ ತೂಕ

ನಂಜನಗೂಡನ್ನು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಕೂಡಿ ಇದು ತ್ರಿವೇಣಿಯೆಂಬ ನಂಬಿಕೆ. ಸಂಗಮದ ಬಳಿ ಅಗಸ್ತ್ಯೇಶ್ವರ, ಊರಿನಲ್ಲಿ ಗುಂಜಾ ನರಸಿಂಹ. ಈ ನರಸಿಂಹನ ಕೈಯಲ್ಲಿ ಒಂದು ಗುಲಗಂಜಿಯಿದೆ. ಈ ಕ್ಷೇತ್ರದ ಮಹಿಮೆ ಕಾಶಿಗಿಂತ ಒಂದು ಗುಲಗಂಜಿಯಷ್ಟು ಹೆಚ್ಚೆಂಬುದು ಅದರ ಅರ್ಥವೆನ್ನುತ್ತಾರೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಬೀಜವೇ ಇಲ್ಲಿ ಪುಣ್ಯವನ್ನೂ ತೂಗುತ್ತದೆ.

1989ರಲ್ಲಿ ಆರಂಭವಾದ ಇಲ್ಲಿನ ಕುಂಭಮೇಳವು 2025ರ ಫೆಬ್ರುವರಿ 10ರಿಂದ 12ರವರೆಗೆ ನಡೆಯಿತು. ಅಂಥ ಜನಜಂಗುಳಿಯಲ್ಲಿ ಫೋನಿನ ಜಾಲ ಕಟ್ಟಿಕೊಂಡರೆ ಖಾತೆಯ ತುಂಬ ಹಣವಿದ್ದರೂ ಚಹಾ ಕುಡಿಯುವುದು ಕಷ್ಟ. ಆಗ ನೂರರ ನೋಟೇ ಆಪದ್ಬಾಂಧವ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಸೆರಗಿನ ತುದಿಯಲ್ಲಿ ನೋಟು ಗಂಟುಕಟ್ಟಿಕೊಂಡು ಹರಕೆ ತೀರಿಸಲು ಬಂದ ಹಳ್ಳಿಯ ಅಜ್ಜಿಗೆ “ಫೋನಿನಲ್ಲೇ ಹಣ ಹಾಕಿ” ಎಂದರೆ, ಆಕೆಗೆ ಆ ರಾತ್ರಿ ಮಂಟಪದ ಕಲ್ಲುಹಾಸೇ ಗತಿ. “ನಗದು ಮಾತ್ರ” ಎಂದರೆ, ತಾಯಿತಂದೆಯರನ್ನು ಯಾತ್ರೆಗೆ ಕರೆತಂದ ಅಮೆರಿಕದ ಮಗನು ಎಟಿಎಮ್ ಹುಡುಕುತ್ತ ಬೀದಿ ಅಲೆಯಬೇಕು. ಅಮೆರಿಕವೂ ಸೇರಿದಂತೆ ಹತ್ತು ದೇಶಗಳ ಫೋನ್ ಸಂಖ್ಯೆಗಳಿಗೆ, ಇಲ್ಲಿನ ಅನಿವಾಸಿ ಖಾತೆಯ ಮೂಲಕ ಯುಪಿಐ ಬಳಸಲು 2023ರ ಜನವರಿಯಲ್ಲಿ ದಾರಿ ತೆರೆಯಿತಾದರೂ ಎಲ್ಲರೂ ಅದನ್ನು ಮಾಡಿಸಿಕೊಂಡಿರುವುದಿಲ್ಲ. ಯಾವ ಬಾಗಿಲನ್ನು ಮುಚ್ಚಿದರೂ ಒಬ್ಬ ಯಾತ್ರಿಕ ಹೊರಗೆ ಉಳಿಯುತ್ತಾನೆ.

ಸಂಸಾರ ಸಮೇತ ಹೊರಡುವವರು ಹೀಗೆ ಮಾಡಿದರೆ ಕ್ಷೇಮ. ಕೊಠಡಿ ಕಾದಿರಿಸುವಾಗಲೇ ಹಣವನ್ನು ಹೇಗೆ ಕೊಡಬೇಕೆಂದು ಕೇಳಿ ತಿಳಿಯಬೇಕು. ಸಾಮಾನು ಇಳಿಸಿದ ಮೇಲೆ ಕೇಳುವುದು ಇಬ್ಬರಿಗೂ ಮುಜುಗರ. ಒಂದು ರಾತ್ರಿಯ ಬಾಡಿಗೆ, ಎರಡು ಹೊತ್ತಿನ ಊಟಕ್ಕೆ ಸಾಲುವಷ್ಟು ಹಣ ನೂರು, ಇನ್ನೂರರ ನೋಟುಗಳಲ್ಲಿ ಜೊತೆಗಿರಲಿ. ಹಣ ಕೊಟ್ಟ ರೀತಿ ಯಾವುದೇ ಇರಲಿ, ರಸೀದಿ ಪಡೆಯುವುದನ್ನು ಮರೆಯಬಾರದು. ವಸತಿಗೃಹದವರೂ ಯಾವ ಹಣ ನಡೆಯುತ್ತದೆಂಬುದನ್ನು ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಬಹುದು. ಎರಡು ಸಾಲಿನ ಆ ಹಲಗೆಗೆ ಖರ್ಚು ಹೆಚ್ಚಿಲ್ಲ. ದೂರದಿಂದ ದಣಿದು ಬಂದವರಿಗೆ ಅದರಿಂದಾಗುವ ಉಪಕಾರ ದೊಡ್ಡದು.