ಬಡಿಗೇರ ಅಜ್ಜನ ಹಡಗು

ಹಾನಗಲ್ಲಿನಲ್ಲಿ ಮಳೆ ಹಿಡಿಯಿತೆಂದರೆ ಹಿಡಿಯಿತು. ನಮ್ಮದು ಅತ್ತ ಪೂರ್ತಿ ಮಲೆನಾಡಲ್ಲ, ಇತ್ತ ಪೂರ್ತಿ ಬಯಲುಸೀಮೆಯೂ ಅಲ್ಲ. ಶಿರಸಿ ಕಡೆಯಿಂದ ಮೋಡ ಬಂದು ಕೂತವೆಂದರೆ ವಾರಗಟ್ಟಲೆ ಅಂಗಳ ಒಣಗುವುದಿಲ್ಲ. ಅಂಥದೊಂದು ಮಳೆಗಾಲದಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಯುದ್ಧದ ಹಡಗು ಕಟ್ಟುವ ಕೆಲಸ ಶುರುವಾಯಿತು. ಯಾವ ವರ್ಷ ಎಂದು ಕೇಳಬೇಡಿ. ಹಾವೇರಿ ಇನ್ನೂ ಜಿಲ್ಲೆಯಾಗಿರಲಿಲ್ಲ, ನಾವೆಲ್ಲ ಧಾರವಾಡ ಜಿಲ್ಲೆಯವರೇ. ನಾನು ಕನ್ನಡ ಸಾಲೆ ಮುಗಿಸಿ ಹೈಸ್ಕೂಲಿಗೆ ಹೊಸದಾಗಿ ಹೋಗತೊಡಗಿದ್ದೆ. ಅಷ್ಟು ನೆನಪಿದೆ.

ಇದಕ್ಕೆಲ್ಲ ಕಾರಣ ನನ್ನ ಸೋದರಮಾವ. ಮುಂಬೈ ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ಕಾರಕೂನನಾಗಿದ್ದವನು ನೌಕರಿ ಮುಗಿಸಿ ಊರಿಗೆ ಬಂದ. ಬರುವಾಗ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಉದ್ದನೆಯ ತಗಡಿನ ಕೊಳವೆ ತಂದಿದ್ದ. ಕೊಳವೆಯೊಳಗೆ ಹಡಗಿನ ನಕಾಶೆ. ಚಹಾ ಕುಡಿದು ಕೈ ಒರೆಸಿಕೊಂಡೇ ಅದನ್ನು ಬಿಚ್ಚುತ್ತಿದ್ದ. ನಾಲ್ಕು ಮೂಲೆಗೆ ಅವ್ವನ ಹಿತ್ತಾಳೆ ಲೋಟ ಇಟ್ಟು ಹರಡಿದರೆ ಪಡಸಾಲೆಯ ಅರ್ಧ ತುಂಬುತ್ತಿತ್ತು. ಹಡಗಿನ ಹೆಸರು ‘ಟ್ರಿಂಕೋಮಲಿ’.

ಮಾವ ಆ ಹಡಗಿನ ಕಥೆಯನ್ನು ಎಷ್ಟು ಸಲ ಹೇಳಿದನೋ, ನನಗೆ ಬಾಯಿಪಾಠವಾಗಿಬಿಟ್ಟಿತ್ತು. ನೆಪೋಲಿಯನ್ನನ ಕಾಳಗಗಳಲ್ಲಿ ಹಡಗು ಕಟ್ಟಿ ಕಟ್ಟಿ ಇಂಗ್ಲೆಂಡಿನಲ್ಲಿ ಓಕ್ ಮರಕ್ಕೆ ಬರ ಬಂತು. ಹಾಗಾಗಿ ಅವರ ನೌಕಾಪಡೆ ಮುಂಬೈ ಕಡೆ ಮುಖ ಮಾಡಿತು. ಅಲ್ಲಿ ವಾಡಿಯಾ ಮನೆತನದ ಪಾರಸಿಗಳು ತಲೆಮಾರಿನಿಂದ ಹಡಗು ಕಟ್ಟುತ್ತಿದ್ದರು, ಮಲಬಾರಿನ ಸಾಗವಾನಿ ಕೈಗೆಟಕುವಂತಿತ್ತು. ಹೊಸ ಹಡಗಿನ ನಕಾಶೆಯನ್ನು ‘ಜಾವಾ’ ಎಂಬ ನೌಕೆಯಲ್ಲಿ ಕಳಿಸಿದರೆ, 1812ರಲ್ಲಿ ಅಮೆರಿಕದ ‘ಕಾನ್ಸ್ಟಿಟ್ಯೂಷನ್’ ನೌಕೆ ದಾರಿಯಲ್ಲೇ ಆ ಜಾವಾವನ್ನು ಸೋಲಿಸಿತು. ನೌಕೆಯೂ ಹೋಯಿತು, ನಕಾಶೆಯೂ ಹೋಯಿತು. ಮತ್ತೆ ಬರೆದು ಕಳಿಸಬೇಕಾಯಿತು. ಕೊನೆಗೆ ಜಮ್ಶೇಟ್ಜಿ ಬೊಮನ್‌ಜಿ ವಾಡಿಯಾ ಅವರ ಉಸ್ತುವಾರಿಯಲ್ಲಿ 1816ರಲ್ಲಿ ಕೆಲಸ ಶುರುವಾಗಿ, 1817ರ ಅಕ್ಟೋಬರಿನಲ್ಲಿ ಹಡಗು ನೀರಿಗಿಳಿಯಿತು. “ಇಂಗ್ಲಿಷರ ನಿಶಾನೆ ಹಾರಿಸಿತು, ಖರೆ. ಕಟ್ಟಿದ ಕೈ ನಮ್ಮವು, ಮರ ನಮ್ಮ ಘಟ್ಟದ್ದು,” ಎಂದು ಮಾವ ನೆಲ ಕುಟ್ಟಿ ಹೇಳುತ್ತಿದ್ದ. ಆ ಹಡಗನ್ನು ನಮ್ಮ ಸಾಗವಾನಿಯಲ್ಲೇ, ಮೊದಲ ಕಡ್ಡಿಯಿಂದ ಹಿಡಿದು ಕೈಯಾರೆ ಕಟ್ಟಬೇಕೆಂಬುದು ಅವನ ಬಹುದಿನದ ಆಸೆ.

ಆದರೆ ಮಾವನಿಗೆ ಹಡಗು ಗೊತ್ತು, ಮರ ಗೊತ್ತಿಲ್ಲ. ಗರಗಸ ಹಿಡಿದರೆ ಗೆರೆ ಒಂದು ಕಡೆ, ಕೊಯ್ತ ಒಂದು ಕಡೆ. ಅವ್ವ ಎರಡು ದಿನ ನೋಡಿದಳು. “ತಮ್ಮಾ, ಬೆರಳು ಕೊಯ್ಕೊಳ್ಳೂದಕ್ಕಿಂತ ಮೊದ್ಲ ಬಡಿಗೇರ ಅಜ್ಜಾರನ್ನ ಕರಿ,” ಎಂದಳು.

ಅಜ್ಜ ಬಂದರು. ಕಿವಿಯ ಹಿಂದೆ ಮೋಟು ಪೆನ್ಸಿಲ್, ಬಾಯಲ್ಲಿ ಸವಣೂರಿನ ಎಳೆ ವೀಳ್ಯದೆಲೆ. ಬೇರೆ ಊರಿನ ಎಲೆ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಚಕ್ಕಡಿ, ಕೂರಿಗೆ, ಬಾಗಿಲು, ತೊಟ್ಟಿಲು ಮಾಡಿದ ಕೈ. ಹಳೇ ತೇರೊಂದರ ಅಚ್ಚು ಬದಲಿಸಿದ್ದರಂತೆ. ಸಮುದ್ರ ಮಾತ್ರ ನೋಡಿರಲಿಲ್ಲ. ಅವರು ಕಂಡ ದೊಡ್ಡ ನೀರೆಂದರೆ ಆಗಿನ ಹಿರೇಕೆರೂರ ತಾಲೂಕಿನ ಮದಗ-ಮಾಸೂರು ಕೆರೆ. ಮಗಳನ್ನು ಆ ಕಡೆ ಕೊಟ್ಟಿದ್ದರು. ಎರಡು ಗುಡ್ಡದ ನಡುವೆ ಕುಮದ್ವತಿಯನ್ನು ಕಟ್ಟಿಹಾಕಿದ ಆ ಕೆರೆಯಲ್ಲಿ ಗಾಳಿಗೆ ಏಳುವ ತೆರೆ ನೋಡಿದ್ದೇ ಅವರ ಸಮುದ್ರಜ್ಞಾನ. ನಕಾಶೆಯನ್ನು ಬಹಳ ಹೊತ್ತು ನೋಡಿ, “ಇದರಾಗ ಒಂದೂ ಕಾಟಕೋನ ಇಲ್ಲಲ್ಲೋ,” ಎಂದರು. ಆಮೇಲೆ, “ಆಗಲಿ, ಮಾಡೂಣು,” ಎಂದರು.

ಅಳತೆ ಸರಳವಾಗಿತ್ತು. ನಿಜವಾದ ಹಡಗಿನ ಒಂದು ಅಡಿಗೆ ನಮ್ಮದು ಕಾಲು ಇಂಚು. ಅದರ ತೋಪಿನ ಅಂತಸ್ತು 150 ಅಡಿ ಉದ್ದ, ಹೊಟ್ಟೆಯ ಅಗಲ 40 ಅಡಿ. ನಮ್ಮದು ಮೂವತ್ತೇಳೂವರೆ ಇಂಚು ಉದ್ದ, ಹತ್ತು ಇಂಚು ಅಗಲ. ಅಜ್ಜ ಈ ಲೆಕ್ಕವನ್ನು ಗೇಣಿಗೆ ಇಳಿಸಿಕೊಂಡು ತಮ್ಮ ಕೋಲಿನ ಮೇಲೆ ಗೆರೆ ಹಾಕಿಕೊಂಡರು. ಮಾವ ಪದೇ ಪದೇ ಪಟ್ಟಿ ಹಿಡಿದು ನೋಡಿದರೂ ಕೂದಲೆಳೆ ಫರಕು ಸಿಗಲಿಲ್ಲ.

ಮರಕ್ಕೆಂದು ಕಾಡಿಗೆ ಹೋಗಲಿಲ್ಲ. ನಮ್ಮ ಹಳೇ ಮನೆಯ ಬಿದ್ದ ತೊಲೆಯೊಂದು ದನದ ಕೊಟ್ಟಿಗೆಯಲ್ಲಿತ್ತು. ಹೊಗೆ ತಿಂದು ಕರ್ರಗಾಗಿದ್ದ ಅದರ ಮೇಲೆ ಅಜ್ಜ ರಂದಾ ಎಳೆದರೆ ಒಳಗೆ ಬಂಗಾರದ ಬಣ್ಣ. ಮನೆಯೆಲ್ಲ ಸಾಗವಾನಿಯ ವಾಸನೆ, ಹೊರಗೆ ಮಳೆ, ಒಲೆಯ ಮೇಲೆ ಅವ್ವನ ಅಕ್ಕಿರೊಟ್ಟಿ. ಆ ವಾಸನೆಗಳು ಇವತ್ತಿಗೂ ನನ್ನ ತಲೆಯಲ್ಲಿ ಬೇರೆ ಬೇರೆಯಾಗಿಲ್ಲ. ಸಾಗವಾನಿಯಲ್ಲಿ ಎಣ್ಣೆಯ ಅಂಶವಿದೆ. ಬಡಿದ ಕಬ್ಬಿಣದ ಮೊಳೆ ಬೇಗ ತುಕ್ಕು ಹಿಡಿಯುವುದಿಲ್ಲ. ಓಕ್ ಮರದ ಒಗರು ಕಬ್ಬಿಣವನ್ನು ತಿನ್ನುತ್ತದೆ. ಮುಂಬೈ ಹಡಗುಗಳು ಅಷ್ಟು ಬಾಳಿದ್ದಕ್ಕೆ ಇದೂ ಒಂದು ಕಾರಣ ಎಂದು ಮಾವ ಪುಸ್ತಕ ಓದಿ ಹೇಳಿದರೆ, ಅಜ್ಜ ಅದನ್ನೇ ಬೇರೆ ರೀತಿಯಲ್ಲಿ ಬಲ್ಲವರಾಗಿದ್ದರು. “ಎಣ್ಣಿ ಕಟಿಗಿ ಇದು. ಬರೇ ಅಂಟಿನ ಮ್ಯಾಲ ನಂಬಿಗಿ ಇಡಬ್ಯಾಡ,” ಎಂದು ಬಿದಿರು ಸೀಳಿ ಸೂಜಿಯಂಥ ಮೊಳೆ ಮಾಡಿದರು. ದೊಡ್ಡ ಹಡಗುಗಳಲ್ಲೂ ಹಲಗೆಗೆ ಮರದ ಮೊಳೆ ಬಡಿಯುತ್ತಿದ್ದರೆಂದು ಕೇಳಿ, “ಮತ್ತ?” ಎಂದರು, ಅಷ್ಟೇ.

ಅಡಿಮರ ಇಡುವ ದಿನದ್ದೊಂದು ಮಾತು ಹೇಳಲೇಬೇಕು. ಟ್ರಿಂಕೋಮಲಿಯ ಅಡಿಮರಕ್ಕೆ ಪಾರಸಿ ಪದ್ಧತಿಯಂತೆ ಜಮ್ಶೇಟ್ಜಿ ಬೆಳ್ಳಿಯ ಮೊಳೆ ಬಡಿದಿದ್ದರಂತೆ. ಮಾವ ಇದನ್ನು ಸುಮ್ಮನೆ ಮಾತಿಗೆ ಹೇಳಿದ. ಅಜ್ಜ ಉಳಿ ಕೆಳಗಿಟ್ಟುಬಿಟ್ಟರು. ಹೊಸ್ತಿಲಿಗೂ ಪೂಜೆ ಮಾಡದೆ ಬಾಗಿಲು ನಿಲ್ಲಿಸದ ಮನುಷ್ಯ ಅವರು. “ಬೆಳ್ಳಿ ಇಲ್ಲದ ನಾ ಮುಂದ ಕೆಲಸಾ ಮಾಡಾಂಗಿಲ್ಲ,” ಎಂದರು. ಅವ್ವ ಒಳಗೆ ಹೋಗಿ ನನ್ನ ಕೂಸಿನ ಕಾಲದ ಬೆಳ್ಳಿ ಉಡದಾರದ ತುಂಡೊಂದನ್ನು ತಂದುಕೊಟ್ಟಳು. ಅಜ್ಜ ಅದನ್ನು ಬಡಿದು ಮೊಳೆ ಮಾಡಿ, ಕುಂಕುಮ ಹಚ್ಚಿ, ಅಡಿಮರಕ್ಕೆ ಕೂರಿಸಿದರು. ಮಾವ ಮುಖ ಆ ಕಡೆ ತಿರುಗಿಸಿ ನಿಂತಿದ್ದ.

ಪಕ್ಕೆಲುಬು ಏರಿಸುವ ಕೆಲಸ ಬೇಗ ಮುಗಿಯಿತು. ಹಲಗೆ ಹೊದಿಸುವುದೇ ಕಷ್ಟ. ದಾರದಷ್ಟು ತೆಳುವಾದ ಪಟ್ಟಿ ಸೀಳಿ, ಹಡಗಿನ ಮೂತಿಯ ಕಡೆ ಸಪೂರ ಮಾಡಿ, ಬಾಗಿಸಿ ಒಂದರ ಪಕ್ಕ ಒಂದು ಕೂರಿಸಬೇಕು. ಮೊದಮೊದಲು ಲಟಕ್ಕೆಂದು ಮುರಿದವು. ಆಗ ಅಜ್ಜನ ಕಣ್ಣು ನಮ್ಮ ಬಚ್ಚಲ ಹಂಡೆಯ ಮೇಲೆ ಬಿತ್ತು. ಪಟ್ಟಿಗಳು ಕುದಿನೀರಲ್ಲಿ ನೆನೆದು ಮೆತ್ತಗಾಗಿ, ಅವರ ಹೆಬ್ಬೆರಳಿಗೆ ಹೇಳಿದಂತೆ ಕೇಳತೊಡಗಿದವು. ಮನೆಮಂದಿಯೆಲ್ಲ ತಣ್ಣೀರ ಸ್ನಾನ ಮಾಡಿದ ಮಳೆಗಾಲ ಅದೊಂದೇ. ಅಮಾವಾಸ್ಯೆ ದಿನ ಕೆಲಸವಿಲ್ಲ. ಬಡಿಗೇರರು ಅಂದು ಹತಾರ ಮುಟ್ಟುವುದಿಲ್ಲ. ಆ ದಿನ ಇಬ್ಬರೂ ಗಿರಮಿಟ್ ತಿನ್ನುತ್ತ, ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಿದ್ದರು. ನಿಜವಾದ ಹಡಗಿನ ತಳಕ್ಕೆ ಮರ ಕೊರೆಯುವ ಹುಳು ಹತ್ತಬಾರದೆಂದು ತಾಮ್ರದ ತಗಡು ಹೊಡೆದಿತ್ತು, ನಮ್ಮದಕ್ಕೂ ಹೊಡೆಯೋಣ ಎಂಬುದು ಮಾವನ ಹಟ. “ಇಷ್ಟ ಚಲೋ ಕಟಿಗಿ ಯಾರರೆ ಮುಚ್ಚತಾರೇನು?” ಎಂದು ಅಜ್ಜ. ಅಜ್ಜನೇ ಗೆದ್ದರು. ರಾಳ, ಅಗಸೆ ಎಣ್ಣೆ ಕಾಯಿಸಿ ಬಳಿದರು.

ಮುಖ್ಯ ಅಂತಸ್ತಿನ 28 ತೋಪುಗಳಿಗೆ ಮಾವ ನನ್ನನ್ನು ಕರೆದುಕೊಂಡು ಶಿಗ್ಗಾಂವಿಗೆ ಹೋದ. ಅಲ್ಲಿ ಹೆದ್ದಾರಿಯ ಲಾರಿಗಳಿಗಾಗಿ ಲೇಥ್ ಅಂಗಡಿಗಳಿದ್ದವು. ಹಿತ್ತಾಳೆ ಸರಳನ್ನು ಎರಡಿಂಚಿಗಿಂತ ತುಸು ಉದ್ದ ಕತ್ತರಿಸಿ, ತೋಪಿನ ಆಕಾರಕ್ಕೆ ತಿರುವಿಕೊಟ್ಟವರು ರೊಕ್ಕ ಬೇಡವೆಂದರು. ಹಡಗು ಮುಗಿದ ಮೇಲೆ ತೋರಿಸಬೇಕು ಎಂಬ ಕರಾರು ಹಾಕಿದರು. ಹಗ್ಗಕ್ಕೆ ನೂಲು ಹಿರೇಕೆರೂರಿನಿಂದ ಅಜ್ಜನ ಮಗಳು ಹೊಸೆದು ತಂದದ್ದು. ಜೇನುಮೇಣ ಸವರಿ ಮೂರು ಎಳೆ ಸೇರಿಸಿದ ಆ ಹಗ್ಗಗಳನ್ನು ಮೂರೂ ಕೂವೆಮರಗಳಿಗೆ ಕಟ್ಟುವಷ್ಟರಲ್ಲಿ ಒಂದು ಮಳೆಗಾಲ ಹೋಗಿ ಇನ್ನೊಂದು ಬಂದಿತ್ತು ಎಂದು ನನ್ನ ನೆನಪು. ಅವ್ವ ಎರಡಲ್ಲ, ಮೂರು ಎನ್ನುತ್ತಿದ್ದಳು.

ಆಷಾಢದ ಗಾಳಿ ಬೀಸುವಾಗ ಹಡಗನ್ನು ಆನೆಕೆರೆಗೆ ಒಯ್ದೆವು. ಯಾರು ಯಾರಿಗೆ ಹೇಳಿದರೋ, ದಂಡೆಯ ಮೇಲೆ ಜಾತ್ರೆ ಕೂಡಿತ್ತು. ಅಜ್ಜ ಮೊಳಕಾಲುದ್ದ ನೀರಿಗಿಳಿದು ಕೈ ಬಿಟ್ಟರು. ಹಡಗು ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿ ಮಲಗಿಬಿಟ್ಟಿತು. ಮಂದಿ ಅಯ್ಯೋ ಎಂದರು. ಮಾವ ಮಾತ್ರ ಗಾಬರಿಯಾಗಲಿಲ್ಲ. ಹಾಯಿ, ಕೂವೆಮರ ಹೊತ್ತ ಹಡಗಿಗೆ ಹೊಟ್ಟೆಯಲ್ಲಿ ಭಾರ ಬೇಕು. ದೊಡ್ಡ ಹಡಗುಗಳ ತಳದಲ್ಲಿ ಕಬ್ಬಿಣದ ಗಟ್ಟಿ, ಕಲ್ಲು ತುಂಬುತ್ತಿದ್ದರು. ಕಿರಾಣಿ ಅಂಗಡಿಯಿಂದ ತಕ್ಕಡಿಯ ಕಲ್ಲು ಬಂದವು. ಮೇಲಿನ ಹಲಗೆ ತೆಗೆದು ಒಂದೊಂದಾಗಿ ಇಟ್ಟಂತೆ ಹಡಗು ಎದ್ದು ನೆಟ್ಟಗಾಯಿತು. ಗಾಳಿ ಹಾಯಿ ತುಂಬಿತು. ಹೊರಟಿತು ನೋಡಿ! ಅಜ್ಜ ನೀರಲ್ಲೇ ನಿಂತು, “ನಡದೈತಿ, ನಡದೈತಿ,” ಎನ್ನುತ್ತಿದ್ದರು. ಅಂತರಗಂಗೆ ಬಳ್ಳಿಗೆ ಸಿಕ್ಕಿದ ಮೇಲೆ ಒಬ್ಬ ಹುಡುಗ ಈಜಿ ಹೋಗಿ ತಂದ.

ಅದೇ ವರ್ಷ ಸವಣೂರಿನ ಒಂದು ಸಾಲೆಯ ಪ್ರದರ್ಶನಕ್ಕೆ ಅದನ್ನು ಟೆಂಪೋದಲ್ಲಿ ಒಯ್ದೆವು. ಶಿಗ್ಗಾಂವಿಯಲ್ಲಿ ನಿಲ್ಲಿಸಿ ಲೇಥ್ ಅಂಗಡಿಯವರ ಕರಾರೂ ತೀರಿಸಿದೆವು. ಸವಣೂರಿನಲ್ಲಿ ಆ ದೈತ್ಯ ದೊಡ್ಡಹುಣಸೆ ಮರಗಳನ್ನು ಅಜ್ಜ ಸುತ್ತು ಹಾಕಿ, ತಟ್ಟಿ ನೋಡಿ, “ಕೆಲಸಕ್ಕ ಬಾರದ ಕಟಿಗಿ, ಆದ್ರ ಎಂಥಾ ಮರಾ!” ಎಂದು ಕೈ ಮುಗಿದರು. ಪೊಟ್ಟಣದಲ್ಲಿ ಸವಣೂರ ಖಾರ ಹಿಡಿದುಕೊಂಡು ಬಂದ ಒಬ್ಬ ಮುದುಕರು ಹಡಗಿನ ಮುಂದೆ ಬಹಳ ಹೊತ್ತು ನಿಂತರು. ನವಾಬರ ಮನೆಗೆ ಹೈದರಾಲಿ ಮಗಳನ್ನು ಕೊಟ್ಟ ಕಥೆಯಿಂದ ಶುರುಮಾಡಿ ಟಿಪ್ಪುವಿನ ಹಡಗುಗಳ ತನಕ ಬಂದರು. ಮುಂದೆ ಓದಿದಾಗ ಅವರ ಮಾತು ನಿಜವೆಂದು ತಿಳಿಯಿತು. 1796ರಲ್ಲಿ ಟಿಪ್ಪು 20 ದೊಡ್ಡ ಯುದ್ಧನೌಕೆ, 20 ಫ್ರಿಗೇಟ್ ಕಟ್ಟಲು ಅಪ್ಪಣೆ ಮಾಡಿದ್ದ. ಮಂಗಳೂರು, ಮಿರ್ಜಾನ್, ಸದಾಶಿವಗಡದ ಕಡೆ ಕಟ್ಟುವ ನೆಲೆಗಳನ್ನು ಗೊತ್ತುಮಾಡಿದ್ದ. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು, ಯೋಜನೆ ಅಲ್ಲಿಗೇ ನಿಂತಿತು. ಆ ಹಡಗುಗಳಿಗೆ ನಮ್ಮ ಘಟ್ಟದ ಸಾಗವಾನಿಯೇ ಹೋಗಬೇಕಿತ್ತು ಎಂದು ನೆನೆದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಾವನೂ ಅಜ್ಜನೂ ಈಗಿಲ್ಲ. ಹಡಗು ಅಜ್ಜನ ಮೊಮ್ಮಕ್ಕಳ ಮನೆಯಲ್ಲಿದೆ. ಮಾವನೇ ಅದನ್ನು ಅಲ್ಲಿ ಇಡಬೇಕೆಂದು ಹೇಳಿ ಹೋದ. ನನ್ನ ಲೆಕ್ಕದಲ್ಲಿ ಅದು ಸರಿಯಾದ ಜಾಗ. ಅವರಿಬ್ಬರೂ ಮಾದರಿ ಕಟ್ಟುತ್ತಿದ್ದ ಕಾಲಕ್ಕೆ ಅಸಲಿ ಟ್ರಿಂಕೋಮಲಿ ಬೇರೊಂದು ಹೆಸರಿನಲ್ಲಿ ಹುಡುಗರ ತರಬೇತಿ ನೌಕೆಯಾಗಿತ್ತು. 1987ರಲ್ಲಿ ಅದನ್ನು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿಗೆ ಒಯ್ದು, ಹಳೇ ಹೆಸರು ಮರಳಿ ಕೊಟ್ಟು, 2001ರ ಹೊತ್ತಿಗೆ ದುರಸ್ತಿ ಮುಗಿಸಿದರು. ಈಗಲೂ ನೀರ ಮೇಲೇ ಇದೆ. ಅದರ ಅರ್ಧಕ್ಕಿಂತ ಹೆಚ್ಚಿನ ಮರ ಮುಂಬೈಯಲ್ಲಿ ಕೂರಿಸಿದ್ದೇ. ನಿಮ್ಮ ಮಕ್ಕಳೋ ನೆಂಟರೋ ಆ ದೇಶದಲ್ಲಿದ್ದರೆ ಒಮ್ಮೆ ಹೋಗಿಬರಲು ಹೇಳಿ. ಇಲ್ಲೇ ಇರುವವರು ತಮ್ಮೂರಿನ ಹಿರಿಯ ಬಡಿಗೇರರ ಹತ್ತಿರ ಒಂದು ಸಂಜೆ ಕೂತು, ಯಾವ ಮರ ಯಾವುದಕ್ಕೆ ಆಗುತ್ತದೆ ಎಂದು ಕೇಳಿ ಬರೆದಿಡಿ.